ಕೊಟ್ಟ ದುಡ್ಡು ಬೇರೆ, ಕೊಡಬೇಕಾದ ಲೆಕ್ಕ ಬೇರೆ

"ಹೋದ ಜೀವ ತಿರುಗಿ ಬರ್ತತೇನ್ರಿ? ಕೊಟ್ಟಷ್ಟು ತಗಂಡು ಮುಗಿಸ್ಕಳ್ರಿ." ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಕೋರ್ಟಿನ ಆವರಣದಲ್ಲಿ ನಾಲ್ಕು ದಿನ ಓಡಾಡಿದವರಿಗೆ ಈ ಮಾತು ಹೊಸದಲ್ಲ. ಬೈಪಾಸಿನಲ್ಲಿ ಲಾರಿ ಹೊಡೆದು ಸತ್ತವನ ಮನೆಯ ಜಗಲಿಯಲ್ಲೂ, ಮಿಲ್ಲಿನಲ್ಲಿ ಕೈ ಕಳೆದುಕೊಂಡವನ ಆಸ್ಪತ್ರೆ ಮಂಚದ ಪಕ್ಕದಲ್ಲೂ ಇದೇ ಮಾತು. ಹೇಳುವವರು ಕೆಟ್ಟವರಲ್ಲ. ಊರ ಹಿರಿಯರು, ದೂರದ ನೆಂಟರು, ಕೆಲವೊಮ್ಮೆ ವಕೀಲರ ಗುಮಾಸ್ತರು. ದುಡಿದು ಹಾಕುತ್ತಿದ್ದವನು ಹೋಗಿದ್ದಾನೆ, ತಿಥಿಗೇ ಸಾಲವಾಗಿದೆ, ಮಕ್ಕಳ ಫೀಸು ಬಾಕಿಯಿದೆ. ಅಲೆದಾಡುವ ಬದಲು ಕೈಗೆ ಬಂದದ್ದನ್ನು ತೆಗೆದುಕೊಳ್ಳಲಿ ಎಂಬ ಕಾಳಜಿಯೇ ಅವರಿಂದ ಈ ಮಾತು ಆಡಿಸುತ್ತದೆ. ಆದರೆ ಕಾಳಜಿಯಿಂದ ಹೊರಟ ಮಾತೆಲ್ಲ ಸರಿಯಾದ ಮಾತಾಗುವುದಿಲ್ಲ. ನಮ್ಮ ಜಗಲಿಯ ಈ ಮಾತೇ ಈಗ ದೇಶದೇಶಗಳ ವ್ಯವಹಾರದಲ್ಲೂ ನೀತಿಯಾಗಿ ಕೂತಿದೆ. ವಿದೇಶಿ ಅಧಿಕಾರಿಯೊಬ್ಬ ಇಲ್ಲಿ ಜೀವ ತೆಗೆದರೆ ಮೊದಲು ರಾಜತಾಂತ್ರಿಕ ವಿನಾಯಿತಿಯ ವಾದ, ಅದು ನಿಲ್ಲದಿದ್ದರೆ ದುಡ್ಡು, ದುಡ್ಡು ಸಂದಾಯವಾದ ಮೇಲೆ ಬಿಡುಗಡೆ. "ಕುಟುಂಬದವರೇ ಒಪ್ಪಿದ ಮೇಲೆ ನಮ್ಮದೇನು?" ಎಂದು ವಿದ್ಯಾವಂತರೇ ಕೇಳುತ್ತಾರೆ. ನಮ್ಮದು ಏನಿದೆ ಎಂಬುದನ್ನು ಹೇಳುವುದಕ್ಕೇ ಈ ಲೇಖನ.

2012ರ ಫೆಬ್ರವರಿ 15ರಂದು ಕೇರಳದ ಕರಾವಳಿಯಿಂದ ಸುಮಾರು ಇಪ್ಪತ್ತು ನಾಟಿಕಲ್ ಮೈಲಿ ದೂರದಲ್ಲಿ ಸೇಂಟ್ ಆಂಟನಿ ಎಂಬ ದೋಣಿಯಲ್ಲಿದ್ದ ಇಬ್ಬರು ಮೀನುಗಾರರು ಗುಂಡೇಟಿಗೆ ಸತ್ತರು. ಒಬ್ಬರು ಕೇರಳದವರು, ಇನ್ನೊಬ್ಬರು ತಮಿಳುನಾಡಿನವರು. ಗುಂಡು ಬಂದದ್ದು ಎನ್ರಿಕಾ ಲೆಕ್ಸಿ ಎಂಬ ಇಟಲಿಯ ತೈಲ ಹಡಗಿನಿಂದ. ಹಡಗಿನ ಕಾವಲಿಗಿದ್ದ ಇಟಲಿ ನೌಕಾಪಡೆಯ ಮಸ್ಸಿಮಿಲಿಯಾನೊ ಲತೋರೆ ಮತ್ತು ಸಾಲ್ವತೋರೆ ಜಿರೋನೆ ನಾಲ್ಕು ದಿನದಲ್ಲಿ ಬಂಧಿತರಾದರು. ದೋಣಿಯಲ್ಲಿರುವವರು ಕಡಲ್ಗಳ್ಳರೆಂಬ ಶಂಕೆ ಇತ್ತು ಎಂಬುದು ಇಟಲಿಯ ಸಮರ್ಥನೆ. ನಿಜವಿರಬಹುದು, ಇಲ್ಲದಿರಬಹುದು. ಅದನ್ನು ತೀರ್ಮಾನಿಸುವುದಕ್ಕಾಗಿಯೇ ವಿಚಾರಣೆ ಎಂಬುದಿರುವುದು.

ವಿಚಾರಣೆ ಶುರುವಾಗುವ ಮೊದಲೇ, ಅದೇ ಏಪ್ರಿಲಿನಲ್ಲಿ, ಕುಟುಂಬಕ್ಕೆ ತಲಾ ಒಂದು ಕೋಟಿ ರೂಪಾಯಿಯ ಒಪ್ಪಂದವಾಯಿತು. ಆದದ್ದು ಕೇರಳ ಹೈಕೋರ್ಟಿನ ಲೋಕ ಅದಾಲತ್ತಿನಲ್ಲಿ. ಕುಟುಂಬಗಳು ಮೊಕದ್ದಮೆಯಿಂದ ಹಿಂದೆ ಸರಿಯಬೇಕೆಂಬುದೂ ಅದರಲ್ಲಿ ಸೇರಿತ್ತು. ಲೋಕ ಅದಾಲತ್ ಎಂದರೆ ನಮಗೆಲ್ಲ ಗೊತ್ತು. ಬ್ಯಾಂಕಿನ ಸಾಲ, ಅಣ್ಣತಮ್ಮಂದಿರ ಪಾಲು, ಚೆಕ್ ಬೌನ್ಸು, ವಿಮೆಯ ಕ್ಲೇಮು ಇವೆಲ್ಲ ಅಲ್ಲಿ ಒಂದೇ ದಿನದಲ್ಲಿ ಬಗೆಹರಿಯುತ್ತವೆ. ಅದು ಬಡವರಿಗೆ ಸಿಕ್ಕ ದೊಡ್ಡ ಅನುಕೂಲ. ಆದರೆ ಆ ಅದಾಲತ್ತನ್ನು ಹುಟ್ಟಿಸಿದ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 19ನೇ ಕಲಮೇ, ರಾಜಿ ಮಾಡಿಕೊಳ್ಳಲು ಬಾರದ ಅಪರಾಧಗಳು ಅದರ ಎದುರು ಬರಕೂಡದು ಎಂದು ಬಿಡಿಸಿ ಹೇಳಿದೆ. ಕೊಲೆಯ ಮೊಕದ್ದಮೆ ಅಂಥದ್ದು. ಸುಪ್ರೀಂ ಕೋರ್ಟ್ ಆ ಒಪ್ಪಂದದ ಬಗ್ಗೆ ಅದೇ ತಿಂಗಳ ಕೊನೆಯಲ್ಲಿ ಕಟುವಾಗಿ ಮಾತಾಡಿತು. ಆಗ ನಮ್ಮಲ್ಲಿ ಎಷ್ಟೋ ಮಂದಿ "ಪಾಪ, ಬಡವರಿಗೆ ಸಿಗುವುದಕ್ಕೂ ಕೋರ್ಟು ಅಡ್ಡ ಬರುತ್ತದೆ" ಎಂದು ಮರುಗಿದರು. ಕೋರ್ಟು ಹಣಕ್ಕೆ ಅಡ್ಡ ಬಂದಿರಲಿಲ್ಲ. ಹಣದ ಜೊತೆಗೆ ಕಟ್ಟಿದ್ದ ಷರತ್ತಿಗೆ ಅಡ್ಡ ಬಂದಿತ್ತು. ಈ ಎರಡನ್ನೂ ಒಂದೇ ಎಂದು ತಿಳಿಯುವುದೇ ನಾನು ಹೇಳುತ್ತಿರುವ ತಪ್ಪಿನ ಬೇರು.

ಮುಂದಿನ ವರ್ಷ ವಿನಾಯಿತಿಯ ಪ್ರಶ್ನೆ ಇನ್ನೂ ಬೆತ್ತಲಾಯಿತು. ಚುನಾವಣೆಯಲ್ಲಿ ಮತ ಹಾಕಿ ಬರಲೆಂದು ಇಬ್ಬರನ್ನೂ ಇಟಲಿಗೆ ಕಳಿಸಲು ಸುಪ್ರೀಂ ಕೋರ್ಟ್ ಒಪ್ಪಿತು. ವಾಪಸ್ ಕರೆತರುತ್ತೇವೆಂದು ಇಟಲಿಯ ರಾಯಭಾರಿ ಡೇನಿಯೆಲೆ ಮಂಚೀನಿ ಕೋರ್ಟಿಗೆ ಬರೆದುಕೊಟ್ಟರು. 2013ರ ಮಾರ್ಚ್ 11ರಂದು ಇಟಲಿ, ಅವರನ್ನು ಕಳಿಸುವುದಿಲ್ಲ ಎಂದಿತು. ಕೋರ್ಟು ರಾಯಭಾರಿ ದೇಶ ಬಿಡಕೂಡದೆಂದಾಗ ವಿಯೆನ್ನಾ ಒಪ್ಪಂದದ ಹೆಸರು ಹೇಳಿ ಗದ್ದಲವೆದ್ದಿತು. ರಾಯಭಾರಿಯ ಮೈಮೇಲೆ ಆತಿಥೇಯ ದೇಶ ಕೈ ಹಾಕಬಾರದೆಂಬುದು 1961ರ ಆ ಒಪ್ಪಂದದ 29ನೇ ವಿಧಿ. ಅದು ಸರಿಯಾದ ವಿಧಿಯೇ. ಆದರೆ ತಾನೇ ಕೋರ್ಟಿನ ಬಾಗಿಲಿಗೆ ಬಂದು, ಮಾತು ಕೊಟ್ಟು, ಅದರಿಂದ ಪ್ರಯೋಜನ ಪಡೆದ ಮೇಲೆ ಆ ಕೋರ್ಟು ನನ್ನನ್ನು ಕೇಳುವಂತಿಲ್ಲ ಎನ್ನುವುದು ಯಾವ ವಿಧಿ? ಮಾರ್ಚ್ 22ರಂದು ಇಬ್ಬರೂ ಮರಳಿ ಬಂದರು. ಹಿಡಿದು ಕೇಳಿದ್ದಕ್ಕೆ ಬಂದರು.

ಆಮೇಲೆ ಹಿಡಿತ ಸಡಿಲವಾಯಿತು. ಒಬ್ಬರು 2014ರಲ್ಲಿ ಅನಾರೋಗ್ಯದ ಮೇಲೆ, ಮತ್ತೊಬ್ಬರು 2016ರಲ್ಲಿ ಇಟಲಿಗೆ ಹೋದರು. ಕಡಲ ಕಾನೂನಿನಡಿ ಕೂತ ಅಂತರರಾಷ್ಟ್ರೀಯ ನ್ಯಾಯಮಂಡಳಿ 2020ರಲ್ಲಿ ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆಯಾಗಿ ತೀರ್ಪು ಕೊಟ್ಟಿತು: ಅವರು ಸರ್ಕಾರದ ಕರ್ತವ್ಯದ ಮೇಲಿದ್ದ ಅಧಿಕಾರಿಗಳಾದ್ದರಿಂದ ಭಾರತದ ಕೋರ್ಟು ವಿಚಾರಿಸುವಂತಿಲ್ಲ, ಆದರೆ ಭಾರತಕ್ಕೆ ಪರಿಹಾರ ಸಲ್ಲಬೇಕು, ಅಪರಾಧದ ವಿಚಾರಣೆ ಇಟಲಿಯಲ್ಲಿ ಮುಂದುವರಿಯಬೇಕು. 2021ರ ಜೂನ್ 15ರಂದು ಸುಪ್ರೀಂ ಕೋರ್ಟ್ 10 ಕೋಟಿ ರೂಪಾಯಿ ಠೇವಣಿಯಾದದ್ದನ್ನು ನೋಡಿ ಇಲ್ಲಿನ ಮೊಕದ್ದಮೆ ರದ್ದುಮಾಡಿತು. ಸತ್ತವರ ಕುಟುಂಬಕ್ಕೆ ತಲಾ 4 ಕೋಟಿ, ದೋಣಿ ಮಾಲೀಕರಿಗೆ 2 ಕೋಟಿ. 2022ರ ಜನವರಿಯಲ್ಲಿ ರೋಮಿನ ನ್ಯಾಯಾಧೀಶರು ಅಲ್ಲಿನ ಪ್ರಕರಣವನ್ನೂ ಮುಚ್ಚಿದರು.

ಹತ್ತು ವರ್ಷ, ಎರಡು ದೇಶ, ಕೇರಳದಿಂದ ಹೇಗ್‌ವರೆಗೆ ಎಷ್ಟೊಂದು ನ್ಯಾಯಪೀಠ. ಯಾರ ಕೋವಿಯಿಂದ ಗುಂಡು ಹಾರಿತು, ಏಕೆ ಹಾರಿತು, ಎಚ್ಚರಿಕೆ ಕೊಟ್ಟಿದ್ದರೋ ಇಲ್ಲವೋ ಎಂಬುದನ್ನು ಸಾಕ್ಷಿ ಕೇಳಿ ತೀರ್ಮಾನಿಸಿದ ಒಂದು ತೀರ್ಪು ಎಲ್ಲಿಯೂ ಬರಲಿಲ್ಲ. ಇದರಲ್ಲಿ ಇನ್ನೊಂದು ಸಂಗತಿ ಉಂಟು. ಹಣ ಹಂಚುವಾಗ ಆ ದೋಣಿಯಲ್ಲಿ ಬದುಕುಳಿದವರ ನೆನಪು ಯಾರಿಗೂ ಬರಲಿಲ್ಲ. ಅವರೇ ಮತ್ತೆ ಕೋರ್ಟಿಗೆ ಹೋಗಬೇಕಾಯಿತು. ಮಾಲೀಕರ ಪಾಲಿನ 2 ಕೋಟಿಯಲ್ಲಿ ಒಂಬತ್ತು ಜನಕ್ಕೆ ತಲಾ 5 ಲಕ್ಷ ಕೊಡಿಸುವ ಆದೇಶ ಬಂದದ್ದು 2022ರ ನವೆಂಬರಿನಲ್ಲಿ. ವಿಚಾರಣೆ ನಡೆದಿದ್ದರೆ ಅವರೇ ಮೊದಲ ಸಾಕ್ಷಿಗಳು. ಒಪ್ಪಂದ ನಡೆದದ್ದರಿಂದ ಅವರು ಲೆಕ್ಕಕ್ಕೇ ಬರಲಿಲ್ಲ. ರಾಜಿಯ ಮೇಜಿನ ಮುಂದೆ ಕುರ್ಚಿ ಸಿಗುವುದು ಹೆಣದ ವಾರಸುದಾರರಿಗೆ ಮತ್ತು ದೋಣಿಯ ಒಡೆಯರಿಗೆ. ಕಣ್ಣಾರೆ ಕಂಡವನಿಗೆ ಅಲ್ಲಿ ಸ್ಥಾನವಿಲ್ಲ.

ಇದನ್ನೆಲ್ಲ ಕೇಳಿದ ಮೇಲೆ ನನ್ನ ಜೊತೆ ವಾದ ಮಾಡುವವರು ಹೇಳುವ ಮೊದಲ ಮಾತು: "ನಾಲ್ಕು ಕೋಟಿ ಕಡಿಮೆಯೇನು? ಕೇಸು ನಡೆದಿದ್ದರೆ ಅವರಿಗೆ ಏನು ಸಿಗುತ್ತಿತ್ತು?" ಕಡಿಮೆಯಲ್ಲ. ಅದು ಆ ಕುಟುಂಬಗಳಿಗೆ ಸಲ್ಲಬೇಕಾದದ್ದೇ, ಪೂರ್ತಿ ಸಲ್ಲಬೇಕಾದದ್ದೇ. ಆದರೆ ಪ್ರಶ್ನೆಯಲ್ಲೇ ಒಂದು ಸುಳ್ಳು ಅಡಗಿದೆ: ಕೇಸು ನಡೆದರೆ ಹಣವಿಲ್ಲ, ಹಣ ಬೇಕಾದರೆ ಕೇಸಿಲ್ಲ ಎಂಬ ಸುಳ್ಳು. ನಮ್ಮ ರಸ್ತೆಯ ಕಾನೂನನ್ನೇ ನೋಡಿ. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಕ್ಲೇಮ್ ಹಾಕಿದರೆ ಪರಿಹಾರ ಕೊಡುವುದು ಬಹುತೇಕ ವಿಮಾ ಕಂಪನಿ. ಅದಕ್ಕೆ ಚಾಲಕನ ಮೇಲಿನ ಪೊಲೀಸ್ ಕೇಸಿನಲ್ಲಿ ಶಿಕ್ಷೆಯಾಗಲೇಬೇಕೆಂದೂ ಇಲ್ಲ, ಆ ಕೇಸು ಬಿಡಬೇಕೆಂದೂ ಇಲ್ಲ. ಎರಡೂ ಬೇರೆ ಬೇರೆ ಹಾದಿ. ಆದರೂ ಎಷ್ಟು ಮನೆಗಳಲ್ಲಿ ಲಾರಿ ಮಾಲೀಕನ ಕಡೆಯವರು ಲಕ್ಷವೋ ಎರಡು ಲಕ್ಷವೋ ತಂದಿಟ್ಟು, "ಸಾಕ್ಷಿ ಹೇಳಬ್ಯಾಡ್ರಿ" ಎಂದು ಹೇಳಿಸಿಕೊಂಡು ಹೋಗಿಲ್ಲ! ನಿರ್ಲಕ್ಷ್ಯದಿಂದ ಸಾವು ತಂದ ಅಪರಾಧ ಕಾನೂನಿನಲ್ಲಿ ರಾಜಿಗೆ ಒಳಪಡುವುದಿಲ್ಲ. ಜಗಲಿಯಲ್ಲಿ ಒಳಪಡಿಸುತ್ತೇವೆ, ಸಾಕ್ಷಿಗಳು ತಿರುಗಿಬೀಳುತ್ತಾರೆ, ಅದೇ ಚಾಲಕ ಅದೇ ಹೆದ್ದಾರಿಗೆ ಮರಳುತ್ತಾನೆ. ಹಣ ಪಡೆದ ಮನೆಯ ಕಷ್ಟ ಒಂದಿಷ್ಟು ತೀರಿತು. ಮುಂದೆ ಅವನ ಚಕ್ರಕ್ಕೆ ಸಿಗುವವನ ಪರವಾಗಿ ಮಾತಾಡುವವರು ಯಾರು?

ಅಪರಾಧದ ಮೊಕದ್ದಮೆಯಲ್ಲಿ ಫಿರ್ಯಾದಿಯ ಜಾಗದಲ್ಲಿ ಸರ್ಕಾರ ನಿಲ್ಲುವುದು ಈ ಕಾರಣಕ್ಕೆ. ಸತ್ತವನು ಒಂದು ಮನೆಗೆ ಮಗ, ಊರಿಗೆಲ್ಲ ಪ್ರಜೆ. ಮನೆಯವರು ಕ್ಷಮಿಸಬಹುದು, ಅದು ಅವರ ದೊಡ್ಡತನ. ಊರಿನ ಪಾಲಿನ ಪ್ರಶ್ನೆಯನ್ನು ಅವರು ಮಾರಲು ಬರುವುದಿಲ್ಲ, ಅವರಿಂದ ಕೊಳ್ಳಲೂ ಬಾರದು. ಜ್ಞಾನ್ ಸಿಂಗ್ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ವ್ಯವಹಾರದ ಜಗಳಗಳಲ್ಲಿ ರಾಜಿಯಾದರೆ ಕೇಸು ರದ್ದುಮಾಡಬಹುದು, ಕೊಲೆ ಅತ್ಯಾಚಾರದಂಥ ಘೋರ ಅಪರಾಧಗಳಲ್ಲಿ ಮನೆಯವರ ರಾಜಿ ಸಾಲದು.

ಕನ್ನಡಿಗರಿಗೆ ಈ ಪಾಠ ಹೇಳಿಕೊಟ್ಟ ಒಬ್ಬ ತಂದೆಯನ್ನು ನಾವು ಬೇಗ ಮರೆತೆವು. 2000ದ ಜುಲೈ 30ರಂದು ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದಾಗ ದಾವಣಗೆರೆಯೂ ಹರಿಹರವೂ ರಾಜ್ಯದ ಎಲ್ಲ ಊರಿನಂತೆ ಉಸಿರು ಬಿಗಿಹಿಡಿದು ಕೂತಿದ್ದವು. ಅವನ ಬೇಡಿಕೆಗಳಲ್ಲೊಂದು, ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯ ಅಡಿಯಲ್ಲಿ ಮೈಸೂರಿನಲ್ಲಿ ಸೆರೆಯಲ್ಲಿದ್ದವರ ಬಿಡುಗಡೆ. ರಾಜ್ಯ ಸರ್ಕಾರ ಟಾಡಾ ಆರೋಪಗಳನ್ನು ವಾಪಸ್ ಪಡೆಯಲು ಹೊರಟಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು ಅಬ್ದುಲ್ ಕರೀಂ. 1992ರ ಆಗಸ್ಟಿನಲ್ಲಿ ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ ಅವರ ಜೊತೆ ವೀರಪ್ಪನ್ ತಂಡದ ಗುಂಡಿಗೆ ಬಲಿಯಾದ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ. ಇಡೀ ನಾಡು ಒಂದೇ ಪ್ರಾರ್ಥನೆಯಲ್ಲಿದ್ದಾಗ ಅದಕ್ಕೆ ಎದುರಾಗಿ ಕಾಣುವ ಅರ್ಜಿ ಹಾಕಲು ಎಷ್ಟು ಎದೆಗಾರಿಕೆ ಬೇಕು! ಅವರನ್ನು ಬಯ್ದವರಿದ್ದರು. 2000ದ ನವೆಂಬರ್ 7ರಂದು ಕೋರ್ಟು ಅವರ ಮಾತನ್ನು ಎತ್ತಿಹಿಡಿದು, ಆರೋಪ ವಾಪಸಾತಿಯನ್ನು ರದ್ದುಗೊಳಿಸಿತು. ನವೆಂಬರ್ 15ರಂದು, 108 ದಿನಗಳ ಮೇಲೆ, ರಾಜ್‌ಕುಮಾರ್ ಬಿಡುಗಡೆಯಾದರು. ಅದಕ್ಕಾಗಿ ಹಣ ಸಂದಾಯವಾಯಿತೆಂದು ಆಗ ಪೊಲೀಸ್ ಮಹಾನಿರ್ದೇಶಕರಾಗಿದ್ದ ಸಿ. ದಿನಕರ್ ಪುಸ್ತಕದಲ್ಲೇ ಬರೆದಿದ್ದಾರೆ.

ಈ ಕಥೆಯ ಉಳಿದ ಅರ್ಧವನ್ನು ಹೇಳುವವರು ಕಡಿಮೆ. ಟಾಡಾ ಕೇಸಿನಲ್ಲಿ ಸೆರೆಯಲ್ಲಿದ್ದವರಲ್ಲಿ ಅನೇಕರು ಕಾಡಂಚಿನ ಬಡವರು, ವರ್ಷಗಟ್ಟಲೆ ವಿಚಾರಣೆಯಿಲ್ಲದೆ ಕೊಳೆತವರು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯದ ತೀರ್ಪು ಬಂದಾಗ ನೂರಕ್ಕೂ ಹೆಚ್ಚು ಮಂದಿ ನಿರ್ದೋಷಿಗಳೆಂದು ಹೊರಬಂದರು. ಚೌಕಾಶಿಯಲ್ಲಿ ಬಿಟ್ಟಿದ್ದರೆ ಅವರು ಜೀವನಪೂರ್ತಿ ವೀರಪ್ಪನ್ ಬಿಡಿಸಿಕೊಂಡ ಜನ ಎನ್ನಿಸಿಕೊಳ್ಳುತ್ತಿದ್ದರು. ತೀರ್ಪು ಅವರನ್ನು ತಪ್ಪು ಮಾಡದ ಜನ ಎಂದು ಮನೆಗೆ ಕಳಿಸಿತು. ವಿಚಾರಣೆ ಎಂದರೆ ಶಿಕ್ಷೆ ಎಂದಷ್ಟೇ ತಿಳಿದವರು ರಾಜಿಯನ್ನು ದಯೆ ಎಂದು ಭಾವಿಸುತ್ತಾರೆ. ನಿರಪರಾಧಿಗೆ ರಾಜಿಯಂಥ ಅನ್ಯಾಯ ಇನ್ನೊಂದಿಲ್ಲ.

ಬೆಂಗಳೂರಿನದೇ ಉದಾಹರಣೆ ಬೇಕೆಂದರೆ 2012ರ ಜೂನಿನಲ್ಲಿ ಫ್ರೆಂಚ್ ಕಾನ್ಸುಲೇಟಿನ ಅಧಿಕಾರಿಯೊಬ್ಬರನ್ನು ಪೊಲೀಸರು ಗಂಭೀರ ಆರೋಪದ ಮೇಲೆ ಬಂಧಿಸಿದ್ದನ್ನು ನೆನೆಯಬಹುದು. ಅವರಿಗೆ ವಿನಾಯಿತಿ ಇದೆಯೇ ಎಂಬ ಪ್ರಶ್ನೆ ಮೊದಲು ಎದ್ದಿತು. ಕಾನ್ಸುಲೇಟಿನವರಿಗೆ 1963ರ ಒಪ್ಪಂದ ಕೊಡುವ ರಕ್ಷಣೆ ಕಚೇರಿಯ ಕೆಲಸಕ್ಕೆ ಮಾತ್ರ, ರಾಯಭಾರಿಗೆ ಇರುವಷ್ಟು ಅಗಲವಲ್ಲ. ಹಾಗಾಗಿ ಕೇಸು ಬೆಂಗಳೂರಿನ ಕೋರ್ಟಿನಲ್ಲೇ ನಡೆಯಿತು. 2017ರಲ್ಲಿ ಅವರು ಖುಲಾಸೆಯಾದರು. ವಿನಾಯಿತಿಯ ಮರೆಯಲ್ಲಿ ಅವರು ಹಾರಿಹೋಗಿದ್ದರೆ ಆರೋಪ ಅವರ ಬೆನ್ನಿಗೆ ಅಂಟಿಕೊಂಡೇ ಇರುತ್ತಿತ್ತು. ಐದು ವರ್ಷ ತಡವಾಯಿತು, ನಿಜ, ಆ ತಡಕ್ಕೆ ನಾಚಿಕೆಪಡಬೇಕು. ತಡವನ್ನು ಸರಿಪಡಿಸಲು ನ್ಯಾಯಾಧೀಶರ ಹುದ್ದೆ ತುಂಬಬೇಕೇ ಹೊರತು ವಿಚಾರಣೆಯನ್ನೇ ಕೈಬಿಡುವುದಲ್ಲ.

"ನಮ್ಮವರು ಕೊಲ್ಲಿ ದೇಶದಲ್ಲಿ ಸಿಕ್ಕಿಬಿದ್ದಾಗ ನಾವೂ ಹಣ ಕೂಡಿಸಿ ಬಿಡಿಸಿಕೊಳ್ಳುತ್ತೇವಲ್ಲ?" ಇದು ಎರಡನೆಯ ವಾದ, ಮತ್ತು ಇದರಲ್ಲಿ ನೋವಿದೆ. ಕುತ್ತಿಗೆಗೆ ಉರುಳು ಬಿದ್ದವನ ಪರವಾಗಿ ಸತ್ತವರ ಮನೆಯವರಲ್ಲಿ ಕ್ಷಮೆ ಕೇಳುವುದನ್ನು ನಾನು ತಪ್ಪೆನ್ನಲಾರೆ. ಅಲ್ಲಿ ಹಣ ಉಳಿಸುವುದು ತೀರ್ಪಾದ ಮೇಲೆ ಒಂದು ಜೀವವನ್ನು. ಲಾಹೋರಿನಲ್ಲಿ 2011ರಲ್ಲಿ ನಡೆದದ್ದು ಬೇರೆ. ಜನವರಿ 27ರಂದು ರೇಮಂಡ್ ಡೇವಿಸ್ ಎಂಬ ಅಮೆರಿಕನ್ ಇಬ್ಬರನ್ನು ನಡುಬೀದಿಯಲ್ಲಿ ಗುಂಡಿಟ್ಟು ಕೊಂದ. ಅವನ ನೆರವಿಗೆ ನುಗ್ಗಿದ ಕಾನ್ಸುಲೇಟಿನ ವಾಹನ ಮೂರನೆಯವನೊಬ್ಬನನ್ನು ಕೊಂದಿತು. ಆತ ನಮ್ಮ ರಾಜತಾಂತ್ರಿಕ ಎಂದು ಅಧ್ಯಕ್ಷ ಒಬಾಮಾ ಅವರೇ ಹೇಳಿದರು. ಆಮೇಲೆ ಗೊತ್ತಾದದ್ದು, ಅವನು ಸಿಐಎಗೆ ಗುತ್ತಿಗೆಯ ಮೇಲೆ ದುಡಿಯುತ್ತಿದ್ದವನು. ಸತ್ತವರೊಬ್ಬರ ಹೆಂಡತಿ, ನನಗೆ ನ್ಯಾಯ ಸಿಗುವುದಿಲ್ಲ ಎಂದು ವಿಷ ಕುಡಿದು ಸತ್ತಳು. ಮಾರ್ಚ್ 16ರಂದು ಜೈಲಿನೊಳಗೇ ಕೂತ ಕೋರ್ಟಿನಲ್ಲಿ ಆರೋಪ ಓದಿದ್ದೂ, ಸುಮಾರು 24 ಲಕ್ಷ ಡಾಲರ್ ರಕ್ತಪರಿಹಾರಕ್ಕೆ ಕ್ಷಮೆ ದೊರೆತದ್ದೂ, ಅವನು ವಿಮಾನ ಹತ್ತಿದ್ದೂ ಒಂದೇ ದಿನ. ತಮ್ಮನ್ನು ಆ ದಿನ ಒಳಗೆ ಬಿಡದೆ ತಡೆದಿಟ್ಟಿದ್ದರೆಂದು ಕುಟುಂಬಗಳ ವಕೀಲರು ಹೇಳಿದರು. ನಾವು ಹಣ ಕೊಟ್ಟಿಲ್ಲ ಎಂದು ಅಮೆರಿಕದ ವಿದೇಶಾಂಗ ಸಚಿವೆ ಹಿಲರಿ ಕ್ಲಿಂಟನ್ ಹೇಳಿದರು. ಕೊಟ್ಟವರು ಕೊಟ್ಟೆವೆಂದು ಹೇಳಿಕೊಳ್ಳಲು ಹಿಂಜರಿಯುವ ಹಣವನ್ನು ಪರಿಹಾರವೆಂದು ಕರೆಯಬಾರದು. ತಪ್ಪೊಪ್ಪಿಕೊಂಡು ಕೊಟ್ಟಾಗ ಅದು ಪರಿಹಾರ.

ಹೀಗೆ ಹೇಳುವಾಗ ನಮ್ಮ ಸರ್ಕಾರಕ್ಕೂ ನಮಗೂ ಬೇರೆ ಅಳತೆ ಇಟ್ಟುಕೊಳ್ಳಲಾಗದು. 2013ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ನಮ್ಮ ರಾಜತಾಂತ್ರಿಕ ಅಧಿಕಾರಿ ದೇವಯಾನಿ ಖೋಬ್ರಾಗಡೆ ಅವರ ಬಂಧನವಾದಾಗ, ಅವರ ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡಿದ್ದಕ್ಕೆ ನಾವು ಕೆರಳಿದ್ದು ನ್ಯಾಯವೇ. ಆದರೆ ಅವರ ಮನೆಗೆಲಸದ ಹೆಣ್ಣುಮಗಳ ಸಂಬಳದ ದೂರು ಏನಾಯಿತು ಎಂದು ಆ ಸಿಟ್ಟಿನಲ್ಲಿ ಎಷ್ಟು ಜನ ಕೇಳಿದೆವು? ಆಕೆಯೂ ಭಾರತದ ಪ್ರಜೆಯೇ.

ವಿನಾಯಿತಿ ಎಂಬುದು ನಾಗರಿಕ ದೇಶಗಳ ಮರ್ಯಾದೆ, ಅದನ್ನು ಪ್ರಶ್ನಿಸುವುದು ಹಳ್ಳಿತನ ಎನ್ನುವವರಿಗೆ ನಮ್ಮ ಹರಿಹರದ ರೈಲು ಹಳಿಯನ್ನೇ ತೋರಿಸುತ್ತೇನೆ. 1881ರಲ್ಲಿ ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿದ ದಸ್ತಾವೇಜಿನಲ್ಲಿ ಬ್ರಿಟಿಷರು ಎರಡು ಷರತ್ತು ಬರೆಸಿಕೊಂಡಿದ್ದರು: ರೈಲಿಗೆ ಬಿಟ್ಟುಕೊಟ್ಟ ನೆಲದ ನ್ಯಾಯಾಧಿಕಾರ ತಮಗೆ, ಮೈಸೂರು ರಾಜ್ಯದಲ್ಲಿರುವ ಯುರೋಪಿಯನ್ ಬ್ರಿಟಿಷ್ ಪ್ರಜೆಯ ಅಪರಾಧ ವಿಚಾರಿಸುವ ಅಧಿಕಾರವೂ ತಮಗೆ. ಮಹಾರಾಜರು ತಮ್ಮದೇ ರಾಜ್ಯದಲ್ಲಿ ಬಿಳಿಯ ಆರೋಪಿಯನ್ನು ತಮ್ಮ ಹಕ್ಕಿನಿಂದ ವಿಚಾರಿಸುವಂತಿರಲಿಲ್ಲ, ಗವರ್ನರ್ ಜನರಲ್ ಕೊಟ್ಟಷ್ಟು ಅಧಿಕಾರ ಅವರಿಗೆ. ದಾವಣಗೆರೆ ದಾಟಿ ಹರಿಹರದ ಹೊಳೆಯವರೆಗೆ ಹಳಿ ಬಂದಾಗ ಅದರ ಜೊತೆ ಈ ಅಧಿಕಾರವೂ ಬಂತು. ರಾಯಭಾರಿಗೆ ಹೆದರಿಕೆಯಿಲ್ಲದೆ ಕೆಲಸ ಮಾಡಲು ಕೊಡುವ ರಕ್ಷಣೆ ಬೇರೆ, ಬಲವಂತನ ಮನುಷ್ಯನನ್ನು ಯಾರೂ ಕೇಳಕೂಡದೆಂಬ ಈ ಹಳೆಯ ಷರತ್ತು ಬೇರೆ. ವಿಯೆನ್ನಾ ಒಪ್ಪಂದ ಮೊದಲನೆಯದಕ್ಕಷ್ಟೇ ಜಾಗ ಕೊಟ್ಟಿದೆ. ಅದರ 31ನೇ ವಿಧಿ, ಆತಿಥೇಯ ದೇಶದಲ್ಲಿ ವಿನಾಯಿತಿ ಇದ್ದರೂ ತನ್ನ ದೇಶದ ಕೋರ್ಟಿನಿಂದ ರಾಜತಾಂತ್ರಿಕ ತಪ್ಪಿಸಿಕೊಳ್ಳಲಾರ ಎನ್ನುತ್ತದೆ. 32ನೇ ವಿಧಿ, ವಿನಾಯಿತಿಯನ್ನು ಬಿಟ್ಟುಕೊಡುವ ಅಧಿಕಾರ ಅವನನ್ನು ಕಳಿಸಿದ ದೇಶಕ್ಕಿದೆ ಎನ್ನುತ್ತದೆ.

ಬಿಟ್ಟುಕೊಟ್ಟವರೂ ಇದ್ದಾರೆ. 1997ರ ಜನವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಜಾರ್ಜಿಯಾದ ರಾಜತಾಂತ್ರಿಕನೊಬ್ಬ ಕುಡಿದು ಕಾರು ಓಡಿಸಿ ಹದಿನಾರು ವರ್ಷದ ಹುಡುಗಿಯ ಸಾವಿಗೆ ಕಾರಣನಾದಾಗ ಆ ಪುಟ್ಟ ದೇಶ ಅವನ ವಿನಾಯಿತಿಯನ್ನು ತೆಗೆದುಹಾಕಿತು, ಅವನು ಅಮೆರಿಕದ ಜೈಲಿಗೆ ಹೋದ. 2019ರಲ್ಲಿ ಇಂಗ್ಲೆಂಡಿನ ಅಮೆರಿಕನ್ ನೆಲೆಯೊಂದರ ಹೊರಗೆ ರಸ್ತೆಯ ತಪ್ಪು ಬದಿಯಲ್ಲಿ ಬಂದ ಕಾರಿಗೆ ಸಿಕ್ಕಿ ಹತ್ತೊಂಬತ್ತರ ಹುಡುಗ ಸತ್ತಾಗ ಚಾಲಕಿ ವಿನಾಯಿತಿ ಹೇಳಿ ಅಮೆರಿಕಕ್ಕೆ ಹೊರಟುಹೋದಳು. ಹುಡುಗನ ತಂದೆತಾಯಿ 2021ರಲ್ಲಿ ಪರಿಹಾರದ ದಾವೆಯನ್ನು ರಾಜಿಯಲ್ಲಿ ಮುಗಿಸಿಕೊಂಡರು, ಆದರೆ ಅಪರಾಧದ ಕೇಸನ್ನು ಬಿಡಲಿಲ್ಲ. 2022ರಲ್ಲಿ ಲಂಡನ್ನಿನ ಕೋರ್ಟಿನ ಮುಂದೆ ಆಕೆ ವೀಡಿಯೊ ಮೂಲಕ ತಪ್ಪೊಪ್ಪಿಕೊಂಡಳು. ಶಿಕ್ಷೆ ಸಣ್ಣದು, ಅದೂ ಅಮಾನತಿನಲ್ಲಿಟ್ಟದ್ದು. ಆದರೂ ತಪ್ಪು ಯಾರದೆಂದು ಕಾಗದದ ಮೇಲೆ ದಾಖಲಾಯಿತು. ಆ ತಂದೆತಾಯಿ ಹಣವನ್ನೂ ಪಡೆದರು, ಉತ್ತರವನ್ನೂ ಪಡೆದರು. ನಮ್ಮ ಜಗಲಿಗಳಲ್ಲಿ ಆಗದು ಎನ್ನುವುದು ಅಲ್ಲಿ ಆಯಿತು.

ಸರ್ಕಾರವೇ ಪರಿಹಾರವನ್ನು ಬಾಯಿ ಮುಚ್ಚಿಸುವ ಸಾಧನವಾಗಿ ಹಿಡಿದರೆ ಏನಾಗುತ್ತದೆಂದು ಕರ್ನಾಟಕ ಕಂಡಿದೆ. 2019ರ ಡಿಸೆಂಬರ್ 19ರಂದು ಮಂಗಳೂರಿನ ಗೋಲಿಬಾರಿನಲ್ಲಿ ಇಬ್ಬರು ಸತ್ತಾಗ ತಲಾ 10 ಲಕ್ಷ ರೂಪಾಯಿ ಘೋಷಣೆಯಾಯಿತು. ಕೆಲವೇ ದಿನಕ್ಕೆ ಅದನ್ನು ತಡೆಹಿಡಿಯಲಾಯಿತು, ತನಿಖೆಯಲ್ಲಿ ಅವರು ತಪ್ಪಿತಸ್ಥರೆಂದಾದರೆ ಇಲ್ಲ ಎಂದು. ಇಂಥ ಹಣಕ್ಕೆ ಹಕ್ಕಿನ ಗುಣವಿಲ್ಲ. 1993ರಲ್ಲಿ ನೀಲಬತಿ ಬೆಹರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೊಲೀಸ್ ವಶದಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ಒಂದೂವರೆ ಲಕ್ಷ ರೂಪಾಯಿ ಕೊಡಿಸಿದಾಗ, ತಪ್ಪು ಮಾಡಿದವರ ಮೇಲಿನ ಕ್ರಮಕ್ಕೆ ಅದರಿಂದ ಅಡ್ಡಿಯಾಗದಂತೆ ನೋಡಿಕೊಂಡಿತು. ನಾನು ಕೇಳುತ್ತಿರುವುದು ಅದೇ ಕ್ರಮ. ಅಪರಾಧದ ಕೇಸಿನಲ್ಲಿ ಕೊಡುವ ಹಣದ ಕಾಗದದಲ್ಲಿ ಕೇಸು ಬಿಡುವ ಸಾಲು ಬರಕೂಡದು. ಕ್ಲೇಮಿಗೂ ಪೊಲೀಸ್ ಕೇಸಿಗೂ ಸಂಬಂಧವಿಲ್ಲವೆಂದು ಲೋಕ ಅದಾಲತ್ತಿಗೆ ಬಂದ ಪ್ರತಿ ಮನೆಯವರಿಗೆ ಬಾಯಿಬಿಟ್ಟು ಹೇಳಬೇಕು.

ದಿಲ್ಲಿಯಲ್ಲಿ ಕೇಳಬೇಕಾದದ್ದೂ ಒಂದಿದೆ. 2021ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಇಟಲಿಯ ವಿಚಾರಣೆಗೆ ಭಾರತವೂ ಕೇರಳವೂ ಸಹಕರಿಸಬೇಕೆಂದು ಹೇಳಿತ್ತು. ಏಳು ತಿಂಗಳಲ್ಲಿ ರೋಮಿನ ಕೇಸು ಮುಚ್ಚಿತು. ಆ ಏಳು ತಿಂಗಳಲ್ಲಿ ಭಾರತ ಯಾವ ಸಾಕ್ಷ್ಯ ಕಳಿಸಿತು, ದೋಣಿಯಲ್ಲಿ ಬದುಕುಳಿದವರ ಹೇಳಿಕೆಗಳು ರೋಮ್ ತಲುಪಿದವೇ, ಪ್ರಕರಣ ಮುಚ್ಚಿದ ದಿನ ನಮ್ಮ ವಿದೇಶಾಂಗ ಸಚಿವಾಲಯ ಆಕ್ಷೇಪ ಬರೆಯಿತೇ? ನಮ್ಮ ದಾವಣಗೆರೆಯ ಲೋಕಸಭಾ ಸದಸ್ಯರು ಈ ಮೂರು ಪ್ರಶ್ನೆಗಳನ್ನು ಸದನದಲ್ಲಿ ಲಿಖಿತವಾಗಿ ಕೇಳಲಿ, ಬಂದ ಉತ್ತರವನ್ನು ಸಾರ್ವಜನಿಕರ ಮುಂದಿಡಲಿ.